ನೀರು ಹಾಕಿದರೆ ಅಡಗುವ ಧೂಳು

ಶಾಲೆಗೆ ಸೇರಿದ ಮಗುವಿನ ಕೈಗೆ ಒಂದು ಕಾಲದಲ್ಲಿ ಮೊದಲು ಬರುತ್ತಿದ್ದದ್ದು ಸ್ಲೇಟು ಮತ್ತು ಕಡ್ಡಿ. ಆ ಕಡ್ಡಿಯ ತಯಾರಿಕೆಗೆ ದೇಶದಲ್ಲಿ ಹೆಸರಾಗಿದ್ದ ಊರು ಮಧ್ಯಪ್ರದೇಶದ ಮಂದಸೌರ್. ಅಲ್ಲಿ ಕಲ್ಲಿನ ಹಲಗೆಗಳನ್ನು ವಿದ್ಯುತ್ ಗರಗಸಕ್ಕೆ ಒಡ್ಡಿ ಸಣ್ಣ ಕಡ್ಡಿಗಳಾಗಿ ಸೀಳುತ್ತಿದ್ದರು. ಗರಗಸದಿಂದ ಎದ್ದ ಧೂಳು ಕೂತು ಕೆಲಸ ಮಾಡುವವನ ಮುಖಕ್ಕೇ ಬರುತ್ತಿತ್ತು. 1980ರ ದಶಕದ ಆರಂಭದಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವೈದ್ಯರು ಈ ಕಾರ್ಮಿಕರಲ್ಲಿ ಸುಮಾರು 600 ಜನರನ್ನು ಪರೀಕ್ಷಿಸಿ ಎಕ್ಸ್‌ರೇ ತೆಗೆದರು. ನೂರಕ್ಕೆ 54 ಮಂದಿಗೆ ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಇತ್ತು. ಒಂದೂವರೆ ವರ್ಷದೊಳಗೆ ಅದೇ ಜನರನ್ನು ಮತ್ತೆ ನೋಡಿದಾಗ ಹಲವರ ಕಾಯಿಲೆ ಬೇಗ ಬೇಗ ಮುಂದುವರಿದಿತ್ತು, ಕೆಲವರು ತೀರಿಕೊಂಡಿದ್ದರು. ಹಾಗೆ ಸತ್ತವರಾರೂ ಮುದುಕರಾಗಿರಲಿಲ್ಲ.

ಅಕ್ಷರ ಕಲಿಸುವ ವಸ್ತುವೊಂದು ಇಷ್ಟು ಎದೆಗಳನ್ನು ಕೆಡಿಸಿದ್ದು ದುಃಖದ ಸಂಗತಿ. ಇನ್ನೂ ಹೆಚ್ಚು ಸಂಕಟ ಕೊಡುವ ಸಂಗತಿಯೆಂದರೆ, ಅದರಲ್ಲಿ ಹೊಸದು ಏನೂ ಇರಲಿಲ್ಲ. ಕಲ್ಲಿನ ಧೂಳು ಶ್ವಾಸಕೋಶವನ್ನು ಕೊಲ್ಲುತ್ತದೆ ಎಂಬುದು ಮಂದಸೌರ್‌ನಲ್ಲಿ ಗರಗಸ ತಿರುಗುವ ಎಷ್ಟೋ ಮೊದಲೇ ಗೊತ್ತಿತ್ತು. ಅದನ್ನು ತಡೆಯುವ ದಾರಿಯೂ ಗೊತ್ತಿತ್ತು. ಕತ್ತರಿಸುವ ಜಾಗಕ್ಕೆ ನೀರು ಬಿಡಬೇಕು, ಇಲ್ಲವೇ ಧೂಳು ಹುಟ್ಟುವ ಜಾಗದಲ್ಲೇ ಅದನ್ನು ಎಳೆದುಕೊಳ್ಳುವ ಕೊಳವೆ ಇಡಬೇಕು. ವಾಸಿ ಮಾಡಲಾಗದ, ಆದರೆ ಪೂರ್ತಿ ತಡೆಯಬಹುದಾದ ರೋಗ ಇದು. ಹೀಗಿದ್ದೂ ನೂರು ವರ್ಷಗಳಿಂದ ಊರು ಬದಲಾಯಿಸುತ್ತ, ಉದ್ಯಮ ಬದಲಾಯಿಸುತ್ತ ಅದು ಉಳಿದುಕೊಂಡು ಬಂದಿದೆ. ಧೂಳಿಗೆ ಕೈ ಹಾಕಿದ ಕಡೆ ರೋಗ ನಿಂತಿದೆ. ಧೂಳನ್ನು ಹಾಗೇ ಬಿಟ್ಟು ಕಾರ್ಮಿಕನ ಮೂಗಿಗೋ ಅವನ ವಿಧವೆಯ ಬ್ಯಾಂಕ್ ಖಾತೆಗೋ ಕೈ ಹಾಕಿದ ಕಡೆ ನಿಂತಿಲ್ಲ.

ಸಿಲಿಕಾ ಎಂದರೆ ಮರಳಿನ, ಬೆಣಚುಕಲ್ಲಿನ ಮೂಲದ್ರವ್ಯ. ಗ್ರಾನೈಟಿನಲ್ಲಿ ಅದು ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು, ಮರಳುಗಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇರುತ್ತದೆ. ಹೊಳೆದಂಡೆಯ ಮರಳಿನಲ್ಲಿ ಆಡುವ ಮಕ್ಕಳಿಗೆ ಏನೂ ಆಗುವುದಿಲ್ಲ, ಏಕೆಂದರೆ ಆ ಕಣಗಳು ದಪ್ಪ. ಮೂಗು ಗಂಟಲಿನಲ್ಲೇ ನಿಂತುಬಿಡುತ್ತವೆ. ಕಲ್ಲನ್ನು ಕೊರೆದಾಗ, ಕತ್ತರಿಸಿದಾಗ, ಪುಡಿ ಮಾಡಿದಾಗ ಹುಟ್ಟುವ ನಾಲ್ಕೈದು ಮೈಕ್ರಾನಿಗಿಂತ ಚಿಕ್ಕ ಕಣಗಳೇ ಬೇರೆ. ಅವು ಕಣ್ಣಿಗೆ ಕಾಣುವುದಿಲ್ಲ. ಮಷೀನು ನಿಲ್ಲಿಸಿ, ಕಾಣುವ ಧೂಳೆಲ್ಲ ನೆಲಕ್ಕೆ ಕೂತ ಮೇಲೆಯೂ ಗಾಳಿಯಾಡದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ತೇಲುತ್ತಿರುತ್ತವೆ. ಕೆಲಸಗಾರ ಮುಖಕ್ಕೆ ಕಟ್ಟಿದ ಟವಲು ಬಿಚ್ಚಿ, ಅದೇ ಕೋಣೆಯಲ್ಲಿ ಕೂತು ಬುತ್ತಿ ಬಿಚ್ಚುವುದು ಆ ಹೊತ್ತಿನಲ್ಲೇ.

ಶ್ವಾಸಕೋಶದ ತುದಿಯ ಗಾಳಿಚೀಲ ಮುಟ್ಟಿದ ಕಣವನ್ನು ದೇಹದ ಕಾವಲು ಕೋಶಗಳು ನುಂಗುತ್ತವೆ. ಬೇರೆ ಕಸವಾದರೆ ಜೀರ್ಣವಾಗುತ್ತಿತ್ತು. ಸಿಲಿಕಾ ಆಗುವುದಿಲ್ಲ, ನುಂಗಿದ ಕೋಶವೇ ಸಾಯುತ್ತದೆ, ಕಣ ಹೊರಬೀಳುತ್ತದೆ, ಇನ್ನೊಂದು ಕೋಶ ಅದನ್ನು ನುಂಗುತ್ತದೆ. ಈ ಜಗ್ಗಾಟದಲ್ಲಿ ಸುತ್ತಲಿನ ಮೃದು ಅಂಗಾಂಶ ಗಾಯದ ಕಲೆಯಂತೆ ಗಟ್ಟಿಯಾಗುತ್ತ ಹೋಗುತ್ತದೆ. ಆಗಷ್ಟೇ ಒಡೆದ ಕಲ್ಲಿನ ಕಣ ಹಳೆಯ ಕಣಕ್ಕಿಂತ ಹೆಚ್ಚು ತೀಕ್ಷ್ಣ. ಕಡಿಮೆ ಧೂಳಿನಲ್ಲಿ ದುಡಿದವರಿಗೆ ರೋಗ ಕಾಣಿಸಲು ಹತ್ತು, ಇಪ್ಪತ್ತು ವರ್ಷ ಬೇಕು. ದಟ್ಟ ಧೂಳಿನಲ್ಲಿ ದುಡಿದವರಿಗೆ ಒಂದೆರಡು ವರ್ಷ, ಕೆಲವೊಮ್ಮೆ ಕೆಲವೇ ತಿಂಗಳು ಸಾಕು. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯುತ್ತದೆ. ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟುವುದರಿಂದ ಶುರುವಾಗಿ, ಮಲಗಿದರೂ ಉಸಿರು ಸಾಲದ ಸ್ಥಿತಿಗೆ ಮುಟ್ಟುತ್ತದೆ. ಇದರ ಜೊತೆಗೆ ಕ್ಷಯ ಬರುವ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಿಲಿಕಾ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿತು.

ಎಷ್ಟು ಧೂಳು ಹೆಚ್ಚು? ಅಮೆರಿಕದ ಇಂದಿನ ಮಿತಿ ಎಂಟು ಗಂಟೆಯ ಪಾಳಿಗೆ ಘನ ಮೀಟರ್ ಗಾಳಿಯಲ್ಲಿ ಸರಾಸರಿ 50 ಮೈಕ್ರೋಗ್ರಾಂ ಸಿಲಿಕಾ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯೊಂದನ್ನು ತೆಗೆದುಕೊಂಡರೆ, ಅದರ ಇಡೀ ಗಾಳಿಯಲ್ಲಿ ಪುಡಿ ಉಪ್ಪಿನ ಇಪ್ಪತ್ತೈದು ಹರಳಿನಷ್ಟು ತೂಕದ ಧೂಳು ಸಾಕು, ಮಿತಿ ಮುಟ್ಟಿದಂತೆ. ನೀರಿಲ್ಲದೆ ಗ್ರಾನೈಟ್ ಕತ್ತರಿಸುವ ಗ್ರೈಂಡರು ಅದನ್ನು ದಾಟಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ.

ಭಾರತದಲ್ಲಿ ಈ ರೋಗದ ಲಿಖಿತ ಚರಿತ್ರೆ ಆರಂಭವಾಗುವುದೇ ಕನ್ನಡನಾಡಿನಿಂದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗೆ (ಕೆಜಿಎಫ್) ಕಾಲಿಟ್ಟಿತು. ಅಲ್ಲಿ ಚಿನ್ನ ಸಿಗುವುದು ಬೆಣಚುಕಲ್ಲಿನ ಎಳೆಗಳಲ್ಲಿ. ಚಿನ್ನದ ಒಂದು ಚೂರಿಗಾಗಿ ರಾಶಿ ರಾಶಿ ಬೆಣಚು ಕೊರೆಯಬೇಕು, ಸಿಡಿಸಬೇಕು, ಹೊರತಂದು ಹಿಟ್ಟಿನ ಹಾಗೆ ಅರೆಯಬೇಕು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಲ್ಲಿ ಇಳಿದವರಲ್ಲಿ ಬಹುಪಾಲು ಮಂದಿ ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತ ಕುಟುಂಬಗಳವರು. ಗಣಿಯಲ್ಲಿ ಸಿಲಿಕೋಸಿಸ್ ಇದೆ ಎಂಬ ವರದಿ 1930ರ ದಶಕದಲ್ಲೇ ಬಂತು. 1940ರ ಹೊತ್ತಿಗೆ ಮೈಸೂರು ಸರ್ಕಾರ ಅದನ್ನು ಪರಿಹಾರ ಕೊಡಬೇಕಾದ ರೋಗವೆಂದು ಒಪ್ಪಿ ನಿಯಮ ಮಾಡಿತು. ಆ ದಶಕದಲ್ಲಿ ಗಣಿಯ ವೈದ್ಯರು ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎಕ್ಸ್‌ರೇ ನೋಡಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಗೆ ರೋಗ ತಗುಲಿತ್ತು. ಸಂಸ್ಥಾನವೊಂದು ಆ ಕಾಲದಲ್ಲೇ ಎಕ್ಸ್‌ರೇ ತೆಗೆಸಿ, ಲೆಕ್ಕ ಇಟ್ಟು, ಪರಿಹಾರವೆಂದು ನಿಯಮ ಮಾಡಿದ್ದು ಸಣ್ಣ ಮಾತಲ್ಲ. ಇಂದು ರಾಜ್ಯದ ಜಲ್ಲಿ ಕ್ರಷರುಗಳಲ್ಲಿ ದುಡಿಯುವ ಎಷ್ಟು ಮಂದಿಯ ಎದೆಯ ಎಕ್ಸ್‌ರೇ ವರ್ಷಕ್ಕೊಮ್ಮೆ ಆಗುತ್ತಿದೆ ಎಂದು ಕೇಳಿದರೆ ಆ ಹಳೆಯ ಲೆಕ್ಕದ ಬೆಲೆ ತಿಳಿಯುತ್ತದೆ.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅರೆದು ಚೆಲ್ಲಿದ ಕಲ್ಲಿನ ಹುಡಿ ಮಾತ್ರ ಊರ ನಡುವೆಯೇ ಗುಡ್ಡಗಳಾಗಿ ನಿಂತಿದೆ. ಕೆಜಿಎಫ್‌ನವರು ಅದನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಗಾಳಿ ಜೋರಾದ ತಿಂಗಳಲ್ಲಿ ಅದರ ಹುಡಿ ಮನೆಯಂಗಳಕ್ಕೆ, ಒಣಹಾಕಿದ ಬಟ್ಟೆಗೆ, ಅಡುಗೆಮನೆಗೆ ಬರುತ್ತದೆ. ಗಣಿಗೆ ಒಮ್ಮೆಯೂ ಇಳಿಯದವರೂ ಅದನ್ನು ಉಸಿರಾಡುತ್ತಿದ್ದಾರೆ.

ಕೋಲಾರದ ಕಥೆ ನಡೆಯುತ್ತಿದ್ದ ಕಾಲಕ್ಕೇ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಹಾಕ್ಸ್ ನೆಸ್ಟ್ ಸುರಂಗ ಕೊರೆಯುತ್ತಿದ್ದರು. 1930ರಲ್ಲಿ ಶುರುವಾದ ಕೆಲಸ. ನದಿಯ ನೀರನ್ನು ಬೆಟ್ಟದೊಳಗಿಂದ ಹರಿಸಿ ವಿದ್ಯುತ್ ತೆಗೆಯುವ ಯೋಜನೆ ಅದು, ಯೂನಿಯನ್ ಕಾರ್ಬೈಡಿನ ಅಂಗಸಂಸ್ಥೆಗಾಗಿ. ಅರ್ಧ ಶತಮಾನದ ನಂತರ ಭೋಪಾಲದಲ್ಲಿ ಕೇಳಿಬಂದದ್ದೂ ಇದೇ ಕಂಪನಿಯ ಹೆಸರು. ಬೆಟ್ಟದ ಕಲ್ಲು ಬಹುತೇಕ ಶುದ್ಧ ಸಿಲಿಕಾ. ಕೊರೆಯುವಾಗ ನೀರು ಬಿಟ್ಟರೆ ಧೂಳು ಅಡಗುತ್ತದೆ ಎಂದು ಆಗಲೇ ಎಲ್ಲರಿಗೂ ಗೊತ್ತಿತ್ತು. ಆದರೆ ಒಣಗಿದ್ದಾಗ ಕೊರೆತ ಬೇಗ ಸಾಗುತ್ತದೆ. ನೀರು ಬಿಡಲಿಲ್ಲ. ಕಾರ್ಮಿಕರಲ್ಲಿ ಹೆಚ್ಚಿನವರು ದಕ್ಷಿಣದ ರಾಜ್ಯಗಳಿಂದ ಕೆಲಸ ಹುಡುಕಿ ಬಂದ ಕಪ್ಪು ಜನ. ಅವರಿಗೆ ಮುಖವಾಡ ಕೊಡಲಿಲ್ಲ. ಒಳಗೆ ನೋಡಲು ಬರುತ್ತಿದ್ದ ಮೇಲಧಿಕಾರಿಗಳಿಗೆ ಮುಖವಾಡ ಇತ್ತು. ರೋಗಿಗಳು ಊರು ಬಿಟ್ಟು ಹೋದದ್ದರಿಂದ ಸತ್ತವರ ಲೆಕ್ಕ ಸಿಗುವುದೇ ಕಷ್ಟವಾಯಿತು. ಮಾರ್ಟಿನ್ ಚೆರ್ನಿಯಾಕ್ ಎಂಬ ವೈದ್ಯರು 1980ರ ದಶಕದಲ್ಲಿ ದಾಖಲೆಗಳನ್ನು ಕೂಡಿಸಿ ಅಂದಾಜು ಮಾಡಿದ ಸಂಖ್ಯೆ 764. ಅಮೆರಿಕದ ಸಂಸತ್ತು 1936ರಲ್ಲಿ ವಿಚಾರಣೆ ನಡೆಸಿತು, ಹಲವು ರಾಜ್ಯಗಳು ಪರಿಹಾರದ ಕಾನೂನು ಮಾಡಿದವು.

ನೀರಿನ ಬದಲು ಇನ್ನೇನಾದರೂ ಸುಲಭದ್ದು ಸಿಗಬಹುದೇ ಎಂಬ ಹುಡುಕಾಟವೂ ನಡೆದಿದೆ. ಅದರಲ್ಲಿ ಅತಿ ದಾರುಣವಾದದ್ದು ಕೆನಡಾದ ಒಂಟಾರಿಯೊದಲ್ಲಿ ನಡೆಯಿತು. 1943ರಿಂದ 1979ರವರೆಗೆ ಅಲ್ಲಿಯ ಗಣಿಗಾರರನ್ನು ಪಾಳಿಗೆ ಮೊದಲು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕೂಡಿಹಾಕಿ, ಬಾಗಿಲು ಮುಚ್ಚಿ, ನುಣ್ಣನೆಯ ಅಲ್ಯೂಮಿನಿಯಂ ಪುಡಿಯನ್ನು ಗಾಳಿಗೆ ಊದುತ್ತಿದ್ದರು. ಅದನ್ನು ಉಸಿರಾಡಿದರೆ ಸಿಲಿಕಾ ಏನೂ ಮಾಡುವುದಿಲ್ಲ ಎಂಬುದು ಮೆಕಿಂಟೈರ್ ಗಣಿಯಲ್ಲಿ ಹುಟ್ಟಿದ ಸಿದ್ಧಾಂತ. ರೋಗ ತಡೆಯಲಿಲ್ಲ. ಆ ಪುಡಿ ಉಸಿರಾಡಿದವರಲ್ಲಿ ಪಾರ್ಕಿನ್ಸನ್ ಕಾಯಿಲೆ ಹೆಚ್ಚಿತ್ತು ಎಂದು ದಶಕಗಳ ನಂತರದ ಅಧ್ಯಯನ ತೋರಿಸಿತು. 2022ರಲ್ಲಿ ಒಂಟಾರಿಯೊ ಸರ್ಕಾರ ಗಣಿಗಾರರ ಕ್ಷಮೆ ಕೇಳಿತು. ಧೂಳನ್ನು ಅದರ ಪಾಡಿಗೆ ಬಿಟ್ಟು ಮನುಷ್ಯನ ದೇಹವನ್ನೇ ಅದಕ್ಕೆ ಹೊಂದಿಸಲು ಹೊರಟವರ ಆಲೋಚನೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ನಮ್ಮಲ್ಲಿ ಆ ಸ್ಥಾನದಲ್ಲಿ ಇರುವುದು ಮಾಸ್ಕು. ಕೆಲಸದ ಜಾಗಕ್ಕೆ ಇನ್‌ಸ್ಪೆಕ್ಟರ್ ಬಂದರೆ ಮಾಲೀಕ ಮೊದಲು ತೋರಿಸುವುದು ಮಾಸ್ಕಿನ ಡಬ್ಬಿಯನ್ನು. ಬಟ್ಟೆಯ ಮಾಸ್ಕು, ಟವಲು, ಕರ್ಚೀಫು ಈ ಕಣಗಳನ್ನು ತಡೆಯುವುದಿಲ್ಲ. ನೇಯ್ಗೆಯ ಸಂದುಗಳಿಗಿಂತ ಕಣ ಎಷ್ಟೋ ಪಾಲು ಚಿಕ್ಕದು. ಎನ್-95 ತಡೆಯುತ್ತದೆ, ಆದರೆ ಮುಖಕ್ಕೆ ಸಂದಿಲ್ಲದಂತೆ ಕೂತರೆ ಮಾತ್ರ. ಗಡ್ಡ ಇದ್ದರೆ ಕೂರುವುದಿಲ್ಲ. ಬೆವರಿನಲ್ಲಿ ತೊಯ್ದರೆ ಉಸಿರಾಟ ಕಷ್ಟ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕಲ್ಲಿನ ಬಂಡೆಯ ಮೇಲೆ ನಿಂತು ಎಂಟು ಗಂಟೆ ಅದನ್ನು ತೊಟ್ಟುಕೊಂಡಿರಿ ಎಂದು ಹೇಳುವವರು ಒಂದು ಗಂಟೆ ತಾವೇ ತೊಟ್ಟು ನೋಡಬೇಕು. ಮಾಸ್ಕು ಬೇಡವೆಂದಲ್ಲ. ಮೊದಲು ಧೂಳು ಇಳಿಯಬೇಕು, ಇಳಿಸಿದ ಮೇಲೂ ಉಳಿದಷ್ಟಕ್ಕೆ ಮಾಸ್ಕು. ಈ ಕ್ರಮ ತಲೆಕೆಳಗಾದರೆ ಕೊನೆಗೆ ತಪ್ಪು ಮಾಸ್ಕು ಹಾಕದ ಕಾರ್ಮಿಕನದೇ ಆಗಿಬಿಡುತ್ತದೆ.

ಕ್ರಮ ಸರಿಯಾದರೆ ಏನಾಗುತ್ತದೆ ಎಂದು ತಿಳಿಯಲು ಅಮೆರಿಕದ ವರ್ಮಾಂಟ್ ರಾಜ್ಯದ ಬ್ಯಾರಿ ಎಂಬ ಊರನ್ನು ನೋಡಬೇಕು. ಗ್ರಾನೈಟಿನಿಂದಲೇ ಬದುಕುವ ಊರು. ಇಟಲಿಯಿಂದ, ಸ್ಕಾಟ್ಲೆಂಡಿನಿಂದ ಬಂದ ಶಿಲ್ಪಿಗಳು ಅಲ್ಲಿ ಸ್ಮಾರಕದ ಕಲ್ಲು ಕೆತ್ತುತ್ತಿದ್ದರು. ಉಳಿ ಸುತ್ತಿಗೆಯ ಕಾಲದಲ್ಲಿ ಧೂಳು ಕಡಿಮೆ ಇತ್ತು. ಇಪ್ಪತ್ತನೇ ಶತಮಾನದ ಆರಂಭಕ್ಕೆ ಗಾಳಿಯೊತ್ತಡದ ಉಪಕರಣಗಳು ಬಂದವು, ಚಳಿ ತಡೆಯಲು ಶೆಡ್ಡುಗಳ ಬಾಗಿಲು ಮುಚ್ಚಿದರು. ಕೆಲವೇ ವರ್ಷಗಳಲ್ಲಿ ಕೆತ್ತುವವರಿಗಾಗಿ ಊರಿನಲ್ಲಿ ಕ್ಷಯ ಆಸ್ಪತ್ರೆಯೇ ಬೇಕಾಯಿತು. 1930ರ ದಶಕದ ಕೊನೆಯಲ್ಲಿ ಕಾರ್ಮಿಕ ಸಂಘ, ಮಾಲೀಕರು, ರಾಜ್ಯದ ಆರೋಗ್ಯ ಇಲಾಖೆ ಸೇರಿ ಒಂದು ನಿರ್ಧಾರಕ್ಕೆ ಬಂದರು. ಪ್ರತಿ ಕೆಲಸಗಾರನ ಉಳಿಯ ಪಕ್ಕಕ್ಕೆ ಧೂಳು ಎಳೆಯುವ ಕೊಳವೆ ಬಂತು. ಗಾಳಿಯ ಧೂಳು ಅಳೆಯುವುದು, ಎಕ್ಸ್‌ರೇ ತೆಗೆಯುವುದು ರೂಢಿಯಾಯಿತು. 1940ರ ನಂತರ ಕೆಲಸಕ್ಕೆ ಸೇರಿದವರಲ್ಲಿ ಸಿಲಿಕೋಸಿಸ್ ಬಹುತೇಕ ಕಾಣಿಸಲೇ ಇಲ್ಲ. ಕಲ್ಲು ಅದೇ, ಕೆತ್ತನೆ ಅದೇ, ಊರೂ ಅದೇ. ಎಂಬತ್ತು ವರ್ಷದ ಹಿಂದಿನ ತಂತ್ರದಲ್ಲಿ ಆದದ್ದು ಇದು.

ಬ್ಯಾರಿಯಲ್ಲಿ ಆದದ್ದು ಇಲ್ಲಿ ಏಕೆ ಆಗುತ್ತಿಲ್ಲ? ಬಡತನ ಎಂಬ ಉತ್ತರ ಅರ್ಧ ಮಾತ್ರ ಸತ್ಯ. ಕೆಲಸದ ಜಾಗ ಚೂರುಚೂರಾಗಿರುವುದು ಹೆಚ್ಚು ದೊಡ್ಡ ಕಾರಣ. ಕೋಲಾರದಲ್ಲಿ ಒಂದು ಗಣಿ, ಒಂದು ಆಸ್ಪತ್ರೆ, ಒಂದು ಹಾಜರಿ ಪುಸ್ತಕ ಇತ್ತು. ಈಗ ಧೂಳು ಇರುವುದು ಹತ್ತಿಪ್ಪತ್ತು ಜನರ ಕ್ರಷರಿನಲ್ಲಿ, ಮನೆಯ ಮುಂದಿನ ಚಪ್ಪರದಲ್ಲಿ, ಅರ್ಧ ಕಟ್ಟಿದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1999ರಲ್ಲಿ ಕೊಟ್ಟ ಅಂದಾಜಿನಂತೆ ಸುಮಾರು 30 ಲಕ್ಷ ಜನ ಸಿಲಿಕಾ ಧೂಳಿನ ತೀವ್ರ ಅಪಾಯದಲ್ಲಿದ್ದರು; ಕಟ್ಟಡ ಕಾರ್ಮಿಕರು ಅದರ ಮೇಲೆ 50 ಲಕ್ಷಕ್ಕೂ ಹೆಚ್ಚು. ಅಂದಿನಿಂದ ದೇಶ ಕಟ್ಟಿರುವ ಕಟ್ಟಡ, ರಸ್ತೆ, ಮೆಟ್ರೋಗಳನ್ನು ನೋಡಿದರೆ ಆ ಸಂಖ್ಯೆ ಎಷ್ಟು ಹಳೆಯದೆಂದು ಅರಿವಾಗುತ್ತದೆ.

ಗುಜರಾತಿನ ಗೋಧ್ರಾ ಸುತ್ತಲಿನ ಬೆಣಚು ಪುಡಿ ಮಾಡುವ ಕಾರ್ಖಾನೆಗಳಿಗೆ ಮಧ್ಯಪ್ರದೇಶದ ಅಲಿರಾಜಪುರ, ಝಾಬುವಾ, ಧಾರ್ ಜಿಲ್ಲೆಗಳ ಆದಿವಾಸಿಗಳು ಕೂಲಿಗೆ ಹೋದರು. ಕಲ್ಲು ಅರೆದು ಚೀಲಕ್ಕೆ ತುಂಬುವ ಕೆಲಸ. ಕೆಲವು ತಿಂಗಳು ದುಡಿದು ಮರಳಿದವರು ಒಂದೆರಡು ವರ್ಷದಲ್ಲಿ ಸಾಯತೊಡಗಿದರು. ಗಂಡ, ಹೆಂಡತಿ ಇಬ್ಬರೂ ಸತ್ತು ಮಕ್ಕಳಷ್ಟೇ ಉಳಿದ ಮನೆಗಳಿವೆ. ಪಶ್ಚಿಮ ಬಂಗಾಳದಲ್ಲಿ 2009ರ ಐಲಾ ಚಂಡಮಾರುತ ಹೊಲಕ್ಕೆ ಉಪ್ಪುನೀರು ನುಗ್ಗಿಸಿದ ಮೇಲೆ ಮಿನಾಖಾನ್, ಸಂದೇಶಖಾಲಿ ಕಡೆಯ ಯುವಕರು ಆಸನ್ಸೋಲ್ ಭಾಗದ ಕ್ರಷರುಗಳಿಗೆ ಹೋದರು. ಅವರದ್ದೂ ಇದೇ ಕಥೆ. ಗುಜರಾತಿನ ಖಂಭಾತ್‌ನಲ್ಲಿ ಅಕೀಕ್ ಕಲ್ಲನ್ನು ಮಣಿಯಾಗಿ ಉಜ್ಜುವುದು ಮನೆಯಂಗಳದಲ್ಲೇ, ಹಾಗಾಗಿ ಮಣಿ ಮುಟ್ಟದ ನೆರೆಮನೆಯವರ ಎದೆಯಲ್ಲೂ ಧೂಳು ಸಿಕ್ಕಿದೆ. ರಾಜಸ್ಥಾನದ ಪಿಂಡವಾಡಾದಲ್ಲಿ ದೇಶವಿದೇಶದ ದೇವಾಲಯಗಳಿಗೆ ಕಂಬ, ಕಮಾನು ಕೆತ್ತುವ ಶಿಲ್ಪಿಗಳು ಮೂವತ್ತು ನಲವತ್ತರ ವಯಸ್ಸಿಗೆ ಉಸಿರು ಕಳೆದುಕೊಳ್ಳುತ್ತಿದ್ದಾರೆ.

ಕರ್ನಾಟಕದಲ್ಲಿ ಧೂಳಿನ ಜಾಗಗಳನ್ನು ಹುಡುಕಬೇಕಾಗಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟು, ಚಾಮರಾಜನಗರದ ಕರಿಕಲ್ಲು, ಕನಕಪುರ ಕಡೆಯ ಕ್ವಾರಿಗಳು, ಜಿಗಣಿಯ ಪಾಲಿಶ್ ಘಟಕಗಳು, ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳ ಮನೆಗಳು, ಬೆಳಗಾವಿ ಮತ್ತು ಶಿವಮೊಗ್ಗದ ಫೌಂಡ್ರಿಗಳು. ಕರಿಕಲ್ಲಿನಲ್ಲಿ ಸಿಲಿಕಾ ಕಡಿಮೆ, ಕೆಂಪು ಗ್ರಾನೈಟಿನಲ್ಲಿ ಹೆಚ್ಚು. ಫೌಂಡ್ರಿಯಲ್ಲಿ ಅಚ್ಚು ಮಾಡುವುದೇ ಮರಳಿನಿಂದ. ಎರಕ ಆರಿದ ಮೇಲೆ ಅಂಟಿದ ಮರಳು ಕೆಡವಿ ಉಜ್ಜುವವನಿಗೆ ಅತಿ ಹೆಚ್ಚು ಧೂಳು. ಹೊಳೆಯ ಮರಳಿಗೆ ಕಡಿವಾಣ ಬಿದ್ದ ಮೇಲೆ ಎಂ-ಸ್ಯಾಂಡ್ ಬಂತು. ಹೊಳೆಗೆ ಅದು ಒಳ್ಳೆಯದೇ. ಆದರೆ ಹೊಳೆಯ ಮರಳನ್ನು ನೀರಿನಿಂದ ಎತ್ತುತ್ತಿದ್ದರು, ಎಂ-ಸ್ಯಾಂಡನ್ನು ಬಂಡೆ ಪುಡಿ ಮಾಡಿ ತೆಗೆಯುತ್ತಾರೆ. ಆಗಷ್ಟೇ ಒಡೆದ ಕಲ್ಲಿನ ಕಣ ಉಸಿರಾಡುವವರು ಈಗ ಹೊಸದಾಗಿ ಸೇರಿದ್ದಾರೆ.

ಕಾನೂನು ಇಲ್ಲದೆ ಇಲ್ಲ. 1948ರ ಕಾರ್ಖಾನೆಗಳ ಕಾಯ್ದೆ, 1952ರ ಗಣಿ ಕಾಯ್ದೆ ಎರಡೂ ಸಿಲಿಕೋಸಿಸ್ ಬಂದರೆ ಸರ್ಕಾರಕ್ಕೆ ತಿಳಿಸಲೇಬೇಕೆಂದು ಹೇಳಿದವು. ಕಾರ್ಖಾನೆ ಕಾಯ್ದೆಯ ಅನುಸೂಚಿ ಧೂಳಿಗೆ ಒಂದು ಸೂತ್ರ ಕೊಟ್ಟಿತು: ಧೂಳಿನಲ್ಲಿ ಬೆಣಚಿನ ಶೇಕಡಾವಾರು ಪ್ರಮಾಣಕ್ಕೆ ಎರಡು ಕೂಡಿಸಿ, ಹತ್ತನ್ನು ಅದರಿಂದ ಭಾಗಿಸಿದರೆ ಬರುವಷ್ಟು ಮಿಲಿಗ್ರಾಂ. ಲೆಕ್ಕ ಹಾಕಿದರೆ ಸಿಲಿಕಾ ಪ್ರಮಾಣ ಘನ ಮೀಟರಿಗೆ ಸುಮಾರು 100 ಮೈಕ್ರೋಗ್ರಾಂ ಆಗುತ್ತದೆ, ಅಮೆರಿಕದ ಇಂದಿನ ಮಿತಿಯ ಎರಡು ಪಟ್ಟು. ಅದನ್ನೂ ಅಳೆದವರು ಎಷ್ಟು ಜನ? 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಸಂಹಿತೆ ಈ ಹಳೆಯ ಕಾಯ್ದೆಗಳ ಜಾಗಕ್ಕೆ ಬಂದಿದೆ. ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಮಾತು ಅದರಲ್ಲಿದೆ. ಜೊತೆಗೆ, ವಿದ್ಯುತ್ ಬಳಸುವ ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆಯನ್ನು ಅದು ಹತ್ತರಿಂದ ಇಪ್ಪತ್ತಕ್ಕೆ ಏರಿಸಿದೆ. ಧೂಳು ಸಣ್ಣ ಘಟಕಗಳ ಕಡೆಗೆ ಸರಿಯುತ್ತಿರುವಾಗ ಗೆರೆಯನ್ನು ಮೇಲಕ್ಕೆ ಎಳೆದದ್ದು ಕಳವಳದ ಸಂಗತಿ.

ಕಾರ್ಮಿಕ ಪರಿಹಾರ ಕೇಳಲು ಹೋದಾಗ ಮೊದಲ ಪ್ರಶ್ನೆ, ಎಲ್ಲಿ ಕೆಲಸ ಮಾಡಿದ್ದಕ್ಕೆ ಏನು ಸಾಕ್ಷಿ? ಮೇಸ್ತ್ರಿ ಕರೆದಲ್ಲಿ ಹೋದವನ ಹತ್ತಿರ ಸಂಬಳದ ಚೀಟಿ ಇರುವುದಿಲ್ಲ. ಹದಿನೈದು ವರ್ಷದಲ್ಲಿ ಹತ್ತು ಮಾಲೀಕರಾಗಿರುತ್ತಾರೆ. ಎರಡನೆಯ ಅಡ್ಡಿ ಆಸ್ಪತ್ರೆಯಲ್ಲಿದೆ. ಕೆಮ್ಮು, ತೂಕ ಇಳಿತ, ಎಕ್ಸ್‌ರೇಯಲ್ಲಿ ಕಲೆ ಕಂಡರೆ ಟಿಬಿ ಎಂದೇ ಚೀಟಿ ಬರೆಯುತ್ತಾರೆ. ಆರು ತಿಂಗಳ ಮಾತ್ರೆ ಮುಗಿಯುತ್ತದೆ, ಕೆಮ್ಮು ಮುಗಿಯುವುದಿಲ್ಲ, ಮತ್ತೆ ಆರು ತಿಂಗಳ ಮಾತ್ರೆ. ಕೆಲವರಿಗೆ ಎರಡೂ ಇರುತ್ತದೆ. ಹಾಗೆ ಸತ್ತವನು ದಾಖಲೆಯಲ್ಲಿ ಕ್ಷಯದಿಂದ ಸತ್ತವನು. ರೋಗಿಯ ನಾಡಿ ಹಿಡಿಯುವಾಗ ಅವನ ಕಸುಬು ಏನೆಂದು ಕೇಳಿ ಎಂದು ಇಟಲಿಯ ವೈದ್ಯ ರಾಮಾಝಿನಿ ಬರೆದದ್ದು 1700ರಲ್ಲಿ. ಟಿಬಿ ಕೇಂದ್ರಗಳಲ್ಲಿ ಆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ ಬರೆದಿಟ್ಟರೆ ಯಾವ ತಾಲ್ಲೂಕಿನ ಯಾವ ಕ್ವಾರಿಯಿಂದ ರೋಗಿಗಳು ಬರುತ್ತಿದ್ದಾರೆಂಬ ನಕ್ಷೆ ವರ್ಷದೊಳಗೆ ಸಿದ್ಧವಾಗುತ್ತದೆ. ರಕ್ತದಲ್ಲಿರುವ ಸಿಸಿ-16 ಎಂಬ ಪ್ರೋಟೀನಿನ ಇಳಿಕೆ ನೋಡಿ ರೋಗದ ಸುಳಿವನ್ನು ಬೇಗನೆ ಹಿಡಿಯುವ ಪರೀಕ್ಷೆಯನ್ನು ಅಹಮದಾಬಾದಿನ ಅದೇ ಸಂಸ್ಥೆ ರೂಪಿಸಿದೆ. ಆ ಸಂಸ್ಥೆಯ ದಕ್ಷಿಣ ಭಾರತ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ದೇವನಹಳ್ಳಿ ಕಡೆ, ಕ್ವಾರಿಗಳಿಂದ ದೂರವೇನಲ್ಲ.

ಸಾಕ್ಷಿಯ ಗಂಟನ್ನು ಬಿಡಿಸಿದ್ದು ರಾಜಸ್ಥಾನ. 2019ರ ಅಕ್ಟೋಬರಿನಲ್ಲಿ ಆ ರಾಜ್ಯ ಧೂಳಿನ ಶ್ವಾಸಕೋಶ ರೋಗಗಳಿಗೇ ಒಂದು ನೀತಿ ತಂದಿತು. ವೈದ್ಯಕೀಯ ಮಂಡಳಿ ರೋಗವಿದೆ ಎಂದು ಪ್ರಮಾಣಪತ್ರ ಕೊಟ್ಟರೆ ಸಾಕು. 3 ಲಕ್ಷ ರೂಪಾಯಿ, ತಿಂಗಳಿಗೆ ಪಿಂಚಣಿ, ಸತ್ತರೆ ಮನೆಯವರಿಗೆ ಇನ್ನೂ 2 ಲಕ್ಷ. ಮಾಲೀಕ ಯಾರೆಂದು ತೋರಿಸಬೇಕಾಗಿಲ್ಲ. ಹತ್ತಾರು ಸಾವಿರ ಜನರಿಗೆ ಪ್ರಮಾಣಪತ್ರ ಸಿಕ್ಕಿತು. ಗೋಧ್ರಾದ ವಿಷಯದಲ್ಲಿ 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸತ್ತ 238 ಕಾರ್ಮಿಕರ ಕುಟುಂಬಗಳಿಗೆ ತಲಾ 3 ಲಕ್ಷ ಕೊಡುವಂತೆ ಗುಜರಾತ್ ಸರ್ಕಾರಕ್ಕೆ ಹೇಳಿತ್ತು. ಆ ಪ್ರಕರಣ ನ್ಯಾಯಾಲಯಕ್ಕೆ ಬಂದಿದ್ದು 2006ರಲ್ಲಿ. ಹತ್ತು ವರ್ಷ ಕಾದ ಕುಟುಂಬಗಳ ಮುಂದೆ ರಾಜಸ್ಥಾನದ ಏರ್ಪಾಡು ನಿಜಕ್ಕೂ ದಯೆಯುಳ್ಳದ್ದು. ಕರ್ನಾಟಕ ಅದರಿಂದ ಕಲಿಯಬೇಕು.

ಆದರೆ ಪೂರ್ತಿ ಅದನ್ನೇ ನಕಲು ಮಾಡಬಾರದು. ಪರಿಹಾರದ ಹಣ ಸರ್ಕಾರದ್ದು, ಖನಿಜ ನಿಧಿಯದ್ದು. ಧೂಳೆಬ್ಬಿಸಿದ ಮಾಲೀಕನ ಕಿಸೆಯಿಂದ ನೇರವಾಗಿ ಏನೂ ಹೋಗುವುದಿಲ್ಲ. ಒಣ ಕೊರೆತ ನಿಲ್ಲಿಸಲು ಅವನಿಗೆ ಕಾರಣವೇ ಇಲ್ಲದಂತಾಗುತ್ತದೆ. ಪ್ರಮಾಣಪತ್ರಗಳ ಸಂಖ್ಯೆ ಏರುವುದನ್ನು ಸಾಧನೆ ಎಂದು ಹೇಳಿಕೊಳ್ಳುವ ಆಡಳಿತ, ಪ್ರತಿ ಪ್ರಮಾಣಪತ್ರ ಒಬ್ಬ ಮನುಷ್ಯ ಹಾಳಾದ ದಾಖಲೆ ಎಂಬುದನ್ನು ಮರೆಯುತ್ತದೆ. ಒಂದು ಊರಿನಿಂದ ಹತ್ತು ಪ್ರಮಾಣಪತ್ರ ಬಂದರೆ ಅದೇ ವಾರ ಆ ಊರಿನ ಕ್ವಾರಿಯ ಬಾಗಿಲಿಗೆ ಯಾರಾದರೂ ಹೋಗಿ ನೀರಿನ ಪೈಪು ಇದೆಯೇ ಎಂದು ನೋಡಬೇಕು.

ಧೂಳಿನ ಮೂಲಕ್ಕೇ ಕೈ ಹಾಕಿದ ಎರಡು ದೇಶಗಳ ಉದಾಹರಣೆ ಇತ್ತೀಚಿನದು. ಟರ್ಕಿಯಲ್ಲಿ ಜೀನ್ಸ್ ಬಟ್ಟೆಗೆ ಹಳೆಯದರ ಹಾಗೆ ಕಾಣುವ ಬಣ್ಣ ಕೊಡಲು ಮರಳನ್ನು ರಭಸದಿಂದ ಚಿಮ್ಮಿಸುತ್ತಿದ್ದರು. ಇಸ್ತಾನ್‌ಬುಲ್ಲಿನ ಕಿಟಕಿಯಿಲ್ಲದ ನೆಲಮಾಳಿಗೆಗಳಿಗೆ ಕೆಲಸಕ್ಕೆ ಹೋದ ಹಳ್ಳಿಯ ಹುಡುಗರು ಇಪ್ಪತ್ತರ ವಯಸ್ಸಿನಲ್ಲೇ ಸತ್ತರು. 2009ರಲ್ಲಿ ಸರ್ಕಾರ ಆ ವಿಧಾನವನ್ನೇ ನಿಷೇಧಿಸಿತು, ಮರುವರ್ಷ ಲಿವೈಸ್ ಮತ್ತು ಎಚ್ ಅಂಡ್ ಎಂ ಕಂಪನಿಗಳು ಅದನ್ನು ಕೈಬಿಡುವುದಾಗಿ ಹೇಳಿದವು. ಮಾಸ್ಕು ಹಂಚುವ ಮಾತು ಅಲ್ಲಿ ಬರಲಿಲ್ಲ. ಎರಕದ ಕಬ್ಬಿಣವನ್ನು ಮರಳಿನಿಂದ ಉಜ್ಜುವುದನ್ನು ಬ್ರಿಟನ್ 1949ರ ನಿಯಮದಿಂದಲೇ ನಿಲ್ಲಿಸಿತ್ತು. ಉಕ್ಕಿನ ಕಾಳು ಅದೇ ಕೆಲಸ ಮಾಡುತ್ತದೆ.

ಇನ್ನೊಂದು ಆಸ್ಟ್ರೇಲಿಯಾ. ಅಡುಗೆಮನೆಯ ಕಟ್ಟೆಗೆ ಹಾಕುವ, ಕ್ವಾರ್ಟ್ಜ್ ಎಂದು ಮಾರುವ ಕೃತಕ ಕಲ್ಲಿನಲ್ಲಿ ಸಿಲಿಕಾ ಶೇ. 90ಕ್ಕೂ ಹೆಚ್ಚಿರುವುದುಂಟು. ಅದನ್ನು ಅಳತೆಗೆ ಕತ್ತರಿಸುವ ಯುವಕರಿಗೆ ಕೆಲವೇ ವರ್ಷಗಳಲ್ಲಿ ರೋಗ ಬರತೊಡಗಿತು. ಇಸ್ರೇಲ್, ಸ್ಪೇನ್, ಕ್ಯಾಲಿಫೋರ್ನಿಯಾದಲ್ಲೂ ಅದೇ ಆಯಿತು, ಕೆಲವರಿಗೆ ಶ್ವಾಸಕೋಶವನ್ನೇ ಬದಲಿಸಬೇಕಾಯಿತು. ಆಸ್ಟ್ರೇಲಿಯಾ ಮೊದಲು ಮಿತಿ ಇಳಿಸಿತು, ನೀರು ಕಡ್ಡಾಯ ಮಾಡಿತು, ಸಾಲದೆ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು. ಭಾರತ ಆ ಕಲ್ಲನ್ನು ತಯಾರಿಸಿ ರಫ್ತು ಮಾಡುವ ದೇಶ. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳ ಅಡುಗೆಮನೆಗೂ ಅದು ಬಂದಿದೆ. ಸಿಂಕಿನ ಆಕಾರಕ್ಕೆ ತೂತು ಕೊರೆಯುವುದು ಬಹಳ ಸಲ ಅದೇ ಮನೆಯೊಳಗೆ, ಕಿಟಕಿ ಮುಚ್ಚಿಕೊಂಡು, ಪಕ್ಕದ ಮನೆಗೆ ಧೂಳು ಹೋಗಬಾರದೆಂದು.

ಅಮೆರಿಕದ 2016ರ ನಿಯಮದಲ್ಲಿ ಇಲ್ಲಿಗೆ ಹೊಂದುವ ಒಂದು ಜಾಣತನವಿದೆ. ಕಟ್ಟಡ ಕೆಲಸದಲ್ಲಿ ದಿನವೂ ಗಾಳಿ ಅಳೆಯುವುದು ಆಗದ ಮಾತು ಎಂದು ಒಪ್ಪಿ, 18 ಬಗೆಯ ಸಾಮಾನ್ಯ ಕೆಲಸಗಳ ಪಟ್ಟಿ ಮಾಡಿದರು. ಈ ಮಷೀನಿಗೆ ಹೀಗೆ ನೀರು, ಆ ಮಷೀನಿಗೆ ಹೀಗೆ ಧೂಳೆಳೆಯುವ ಕೊಳವೆ. ಹಾಗೆ ಮಾಡಿದ ಗುತ್ತಿಗೆದಾರ ಗಾಳಿ ಅಳೆಯಬೇಕಾಗಿಲ್ಲ. ಇಂಥ ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡಲು ವಿಜ್ಞಾನಿ ಬೇಡ, ದಾರಿಯಲ್ಲಿ ಹೋಗುವ ಯಾರಿಗೂ ಕಾಣುತ್ತದೆ. ಕತ್ತರಿಸುವ ತುದಿಗೆ ಸರಿಯಾಗಿ ನೀರು ಬಿದ್ದರೆ ಧೂಳಿನ ಬಹುಪಾಲು ಅಲ್ಲೇ ಕೆಸರಾಗುತ್ತದೆ.

ಕೆಲಸಗಾರರು ಇದಕ್ಕೆ ಹೇಳುವ ಆಕ್ಷೇಪಗಳು ನಿಜವಾದವು, ತಳ್ಳಿಹಾಕುವಂಥವಲ್ಲ. ಕೈಯಲ್ಲಿ ಹಿಡಿಯುವ ವಿದ್ಯುತ್ ಗ್ರೈಂಡರಿಗೆ ನೀರು ತಾಗಿದರೆ ಶಾಕ್ ಹೊಡೆಯುತ್ತದೆ. ಗುರುತು ಹಾಕಿದ ಗೆರೆ ಕೆಸರಿನಲ್ಲಿ ಕಾಣುವುದಿಲ್ಲ. ಪಾಲಿಶ್ ಆದ ನೆಲ, ಬಣ್ಣ ಬಳಿದ ಗೋಡೆ ಹಾಳಾಗುತ್ತದೆ. ಚದರಡಿ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಕೆಸರು ಒರೆಸುವ ಹೊತ್ತಿಗೆ ದುಡ್ಡಿಲ್ಲ. ಇವಕ್ಕೆಲ್ಲ ಉತ್ತರವಿದೆ: ನೀರಿನ ನಳಿಕೆ ಜೋಡಿಸಿಯೇ ಬರುವ ಕಟರು, ಸೋರಿಕೆ ಕರೆಂಟನ್ನು ಕ್ಷಣದಲ್ಲಿ ಕಡಿಯುವ ಸ್ವಿಚ್ಚು, ನೆಲ ಹಾಸುವ ಮುಂಚೆ ಹೊರಗೆ ಒಂದೇ ಕಡೆ ಕತ್ತರಿಸುವ ಪದ್ಧತಿ. ಆದರೆ ಇದರ ಖರ್ಚು ದಿನಗೂಲಿಯವನ ಮೇಲೆ ಬೀಳಬಾರದು. ಪ್ರತಿ ದೊಡ್ಡ ಕಟ್ಟಡದ ವೆಚ್ಚದಲ್ಲಿ ಶೇಕಡಾ 1ರಷ್ಟು ಸೆಸ್ಸು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಮಂಡಳಿ ಕಾರ್ಮಿಕರಿಗೆ ಟೂಲ್ ಕಿಟ್ ಹಂಚಿದ್ದೂ ಉಂಟು. ಟೈಲ್ಸ್ ಮತ್ತು ಗ್ರಾನೈಟ್ ಕೆಲಸದವರ ಕಿಟ್ಟಿನಲ್ಲಿ ಇರಬೇಕಾದದ್ದು ಇದೇ ಕಟರು, ಇದೇ ಸ್ವಿಚ್ಚು.

ಕ್ರಷರುಗಳಿಗೆ 2011ರ ರಾಜ್ಯ ಕಾಯ್ದೆ ಇದೆ. ನೀರಿನ ಸಿಂಪರಣೆ, ಧೂಳು ತಡೆಯುವ ಗೋಡೆ ಎಲ್ಲ ಪರವಾನಗಿಯ ಷರತ್ತುಗಳೇ. ಆದರೆ ಕ್ರಷರು ಎಂದರೆ ರಾಜ್ಯದಲ್ಲಿ ಚರ್ಚೆಯಾಗುವುದು ಪಕ್ಕದ ಹೊಲದ ಬೆಳೆ, ಮನೆಯ ಬಿರುಕು, ಲಾರಿ ಹಾಳು ಮಾಡಿದ ರಸ್ತೆ. ಒಳಗೆ ದುಡಿಯುವ ಬಿಹಾರ, ಒಡಿಶಾ, ಜಾರ್ಖಂಡ್‌ನವರ ಎದೆಯ ಮಾತು ಗ್ರಾಮಸಭೆಯಲ್ಲಿ ಬರುವುದಿಲ್ಲ. ಅವರಿಗೆ ಅಲ್ಲಿ ಮತವಿಲ್ಲ. ಕಾಯಿಲೆ ಬಿದ್ದಾಗ ಅವರು ಊರಿಗೆ ಹೋಗಿಬಿಡುತ್ತಾರೆ, ಸಾವು ಬೇರೆ ರಾಜ್ಯದ ಲೆಕ್ಕಕ್ಕೆ ಸೇರುತ್ತದೆ. ಹಾಕ್ಸ್ ನೆಸ್ಟಿನಲ್ಲಿ ಆದದ್ದೂ ಇದೇ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1995ರಲ್ಲಿ ಸೇರಿ ಹಾಕಿಕೊಂಡ ಗುರಿಯಂತೆ 2030ರೊಳಗೆ ಸಿಲಿಕೋಸಿಸ್ ಜಗತ್ತಿನಿಂದ ಹೋಗಬೇಕಿತ್ತು. ಅದು ಆಗುವುದಿಲ್ಲ. ಆದರೆ ಈ ರಾಜ್ಯದಲ್ಲಿ ಜಲ್ಲಿ, ಎಂ-ಸ್ಯಾಂಡ್, ಗ್ರಾನೈಟನ್ನು ಅತಿ ಹೆಚ್ಚು ಕೊಳ್ಳುವ ಗಿರಾಕಿಗಳಲ್ಲಿ ಸರ್ಕಾರವೇ ಮುಂದಿದೆ: ಲೋಕೋಪಯೋಗಿ ಇಲಾಖೆ, ನೀರಾವರಿ ನಿಗಮಗಳು, ಮೆಟ್ರೋ, ಪಾಲಿಕೆಗಳು. ನೀರು ಬಿಟ್ಟು ಕತ್ತರಿಸಿದ, ಕಾರ್ಮಿಕರ ವಾರ್ಷಿಕ ಎಕ್ಸ್‌ರೇ ತೋರಿಸಿದ ಕ್ವಾರಿ ಮತ್ತು ಕ್ರಷರಿನಿಂದಷ್ಟೇ ಕೊಳ್ಳುತ್ತೇವೆ ಎಂದು ಟೆಂಡರಿನಲ್ಲಿ ಷರತ್ತು ಹಾಕಲು ಹೊಸ ಕಾಯ್ದೆ ಬೇಕಾಗಿಲ್ಲ. ದರಪಟ್ಟಿಯಲ್ಲಿ ಆ ನೀರಿಗೆ, ಆ ಎಕ್ಸ್‌ರೇಗೆ ಒಂದು ದರ ಸೇರಿಸಿದರೆ ಗುತ್ತಿಗೆದಾರನೂ ತಕರಾರು ತೆಗೆಯಲಾರ.